ಅಯೋಡಿನ್ ಎಣಿಸಿದರೆ ಸಾಲದು, ಅಂತರ ಅಳೆಯಿರಿ

ನಮಸ್ಕಾರ. ಬಿ.ಫಾರ್ಮಾ ಲ್ಯಾಬಿನಲ್ಲಿ ವ್ಯಾಗ್ನರ್ ಪರೀಕ್ಷೆ ಮಾಡಿದವರಿಗೆ ಗೊತ್ತು: ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಹಾಕಿದರೆ ಆಲ್ಕಲಾಯ್ಡ್ (ಗಿಡಗಳಲ್ಲಿ ಸಿಗುವ, ನೈಟ್ರೋಜನ್ ಇರುವ ಕ್ಷಾರೀಯ ವಸ್ತು) ಕಂದು ಗಸಿಯಾಗಿ ಬೀಳುತ್ತದೆ. ಆ ಗಸಿಯನ್ನು ಸೀದಾ ಪಾಲಿಅಯೋಡೈಡ್ (ಹಲವು ಅಯೋಡಿನ್ ಪರಮಾಣು ಸೇರಿದ ಋಣ ಅಯಾನು ಇರುವ ಲವಣ) ಎಂದು ಕರೆದು ಸೂತ್ರ ಬರೆದುಬಿಡುವುದಕ್ಕೆ ನನ್ನ ತಕರಾರು.

ಮಲೇರಿಯಾ ಔಷಧವಾದ ಆಲ್ಕಲಾಯ್ಡ್ ಕ್ವಿನೈನ್ ತೆಗೆದುಕೊಳ್ಳಿ. ಅದರ ಸಲ್ಫೇಟ್-ಅಯೋಡಿನ್ ಲವಣವನ್ನು ಬ್ರಿಸ್ಟಲ್‌ನ ವಿಲಿಯಂ ಹೆರಪಾತ್ 1852ರಲ್ಲಿ ವಿವರಿಸಿದರು. ಅದೇ ಹೆರಪಥೈಟ್, ತೆಳು ಹಸಿರು ಹರಳು, ಎರಡು ಅಡ್ಡಡ್ಡ ಬಿದ್ದ ಕಡೆ ಕಡುಕಪ್ಪು. ಪೋಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ತಮ್ಮ ಮೊದಲ ಪೋಲರೈಸರ್ ಹಾಳೆ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಮಾಡಿದ್ದು ಇದರ ಸೂಜಿಗಳಿಂದಲೇ. ರಚನೆ ಬಿಡಿಸಿದ್ದು ಮಾತ್ರ 2009ರಲ್ಲಿ, ಬಾರ್ಟ್ ಕಾರ್ ತಂಡ. ನಾಲ್ಕು ಕ್ವಿನೈನ್, ಮೂರು ಸಲ್ಫೇಟ್, ಎರಡು ಟ್ರೈಅಯೋಡೈಡ್ (ಮೂರು ಅಯೋಡಿನ್ ಸೇರಿದ ಅಯಾನು), ಆರು ನೀರು. ಲೆಕ್ಕ ಹಾಕಿ: ಸಲ್ಫೇಟ್‌ಗೆ ತಲಾ ಎರಡು, ಟ್ರೈಅಯೋಡೈಡ್‌ಗೆ ತಲಾ ಒಂದು, ಒಟ್ಟು ಋಣ ವಿದ್ಯುದಂಶ ಎಂಟು. ಅದನ್ನು ಸರಿದೂಗಿಸಲು ನಾಲ್ಕು ಕ್ವಿನೈನ್‌ಗೆ ತಲಾ ಧನ ಎರಡು ಬೇಕು. ಅಂದರೆ ಪ್ರತಿ ಕ್ವಿನೈನ್‌ನ ಎರಡೂ ನೈಟ್ರೋಜನ್‌ಗೆ ಪ್ರೋಟಾನ್ ಕೂತಿದೆ. ಟ್ರೈಅಯೋಡೈಡ್‌ಗಳು ಒಂದೇ ದಿಕ್ಕಿಗೆ ಸಾಲುಗಟ್ಟಿವೆ. ಆ ದಿಕ್ಕಿಗೆ ಕಂಪಿಸುವ ಬೆಳಕನ್ನು ಅವು ನುಂಗುತ್ತವೆ.

ಧಾತು ವಿಶ್ಲೇಷಣೆ ಹೇಳುವುದು ಆರು ಅಯೋಡಿನ್ ಎಂದಷ್ಟೇ. ಅದು ಎರಡು ಟ್ರೈಅಯೋಡೈಡೋ, ಒಂದು ಪೆಂಟಾಅಯೋಡೈಡ್ ಜೊತೆ ಒಂದು ಅಯೋಡೈಡೋ? ಹರಳಿಗೆ ಎಕ್ಸ್-ರೇ ಹಾಯಿಸಿ ಪರಮಾಣುಗಳ ನಡುವಿನ ಅಂತರ ನೋಡದೆ ಹೇಳಲಾಗದು. ಘನ ಅಯೋಡಿನ್‌ನಲ್ಲಿ ಬಂಧ 2.72 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು), ಸಮರೂಪದ ಟ್ರೈಅಯೋಡೈಡ್‌ನಲ್ಲಿ ಸುಮಾರು 2.92, ಬರೀ ಪಕ್ಕದಲ್ಲಿ ಕೂತ ಪರಮಾಣುಗಳಿಗೆ 4ರ ಹತ್ತಿರ. ಜಗಳವೆಲ್ಲ 3.2ರಿಂದ 3.6ರ ನಡುವೆ. ಅಲ್ಲಿ ಹೆಸರು ಕೊಡುವ ಮುಂಚೆ ಎಲ್ಲ ಅಂತರಗಳನ್ನೂ ಪ್ರಕಟಿಸಿ, ಓದುವವರು ತೀರ್ಮಾನಿಸಲಿ.

ಇನ್ನು ಕೆಲಸ ಕೆಡುವ ಜಾಗಗಳು. ಅಯೋಡಿನ್ ಎಕ್ಸ್-ರೇಯನ್ನು ಚೆನ್ನಾಗಿ ಹೀರುತ್ತದೆ, ಆದ್ದರಿಂದ ತಾಮ್ರದ ಬದಲು ಮಾಲಿಬ್ಡಿನಂ ವಿಕಿರಣ, ಹರಳು 0.1 ಮಿ.ಮೀ. ಆಸುಪಾಸು. ಸೂಜಿ ಹರಳಾದರೆ ಮುಖಗಳನ್ನು ಅಳೆದೇ ಹೀರಿಕೆ ತಿದ್ದಬೇಕು. ಇಲ್ಲದಿದ್ದರೆ ಅಯೋಡಿನ್‌ನಿಂದ ಒಂದು ಆಂಗ್‌ಸ್ಟ್ರಾಂ ಒಳಗೆ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಭೂತದ (ಇಲ್ಲದ) ಶಿಖರಗಳು ಏಳುತ್ತವೆ, ಅವಸರದವರು ಅದಕ್ಕೂ ಪರಮಾಣು ಕೂರಿಸುತ್ತಾರೆ! ಭಾರದ ಅಯೋಡಿನ್ ಪಕ್ಕದಲ್ಲಿ ಹೈಡ್ರೋಜನ್ ಸರಿಯಾಗಿ ಕಾಣದು. ಕ್ವಿನೋಲಿನ್ (ಕ್ವಿನೈನ್‌ನ ಜೋಡಿ ಉಂಗುರದ ಭಾಗ) ನೈಟ್ರೋಜನ್‌ಗೆ ಪ್ರೋಟಾನ್ ಇದೆಯೇ ಎಂಬುದಕ್ಕೆ ಆ ನೈಟ್ರೋಜನ್ ಬಳಿ ಉಂಗುರದೊಳಗಿನ ಕೋನ ಕೇಳಿ: 117 ಡಿಗ್ರಿ ಆಸುಪಾಸಾದರೆ ಇಲ್ಲ, 122ರ ಕಡೆ ಇದ್ದರೆ ಇದೆ.

ಹರಳನ್ನು ತೆರೆದಿಟ್ಟರೆ ಅಯೋಡಿನ್ ಹಾರಿಹೋಗುತ್ತದೆ. ತಾಯಿದ್ರಾವಣದಿಂದ ತೆಗೆದ ಕೂಡಲೇ ಎಣ್ಣೆಯಲ್ಲಿ ಅದ್ದಿ, 100 ಕೆಲ್ವಿನ್‌ಗೆ ತಣಿಸಿ. ಅಷ್ಟಾದಮೇಲೂ ಒಂದು ಅಯೋಡಿನ್‌ನ ಉಷ್ಣಕಂಪನದ ಗುಂಡು ಮಾತ್ರ ಊದಿಕೊಂಡಿದ್ದರೆ ಆ ಜಾಗ ಅರ್ಧ ಖಾಲಿಯಿರಬಹುದು, ಆಕ್ಯುಪೆನ್ಸಿಯನ್ನು (ಆ ಜಾಗ ಎಷ್ಟು ಪಾಲು ತುಂಬಿದೆ ಎಂಬ ಅಂಕಿ) ಬದಲಾಗಲು ಬಿಟ್ಟು ರಿಫೈನ್ ಮಾಡಿ (ಮಾದರಿಯನ್ನು ಅಳತೆಗೆ ಹೊಂದಿಸಿ) ನೋಡಿ.