ಮೊಳದುದ್ದದ ಹುಡುಗ ಇಂಗ್ಲಿಷಿಗೆ ಹೋದಾಗ

[ತೆರೆಯ ಮೇಲೆ: ಹೊಳೆಯುವ ಬೂಟು ತೊಟ್ಟ ಪುಟ್ಟ ಹುಡುಗ, ಮುಂದೆ ಉದ್ದನೆಯ ದಾರಿ]

'ಚುದ್ನೊವತೆ ಝ್ಗೊದೆ ಶೆಗ್ರ್ತಾ ಹ್ಲಾಪಿಚಾ', ಅಂದರೆ ಕೆಲಸ ಕಲಿಯುವ ಹುಡುಗ ಹ್ಲಾಪಿಚ್‌ನ ವಿಚಿತ್ರ ಸಾಹಸಗಳು: ಕ್ರೊಯೇಷಿಯಾದಲ್ಲಿ 1913ರಲ್ಲಿ ಅಚ್ಚಾದ ಮಕ್ಕಳ ಕಾದಂಬರಿ ಇದು. ಬರೆದವರು ಇವಾನಾ ಬ್ರ್ಲಿಚ್-ಮಾಝುರಾನಿಚ್. ಬೂಟು ಹೊಲಿಯುವವನ ಹತ್ತಿರ ಕೆಲಸ ಕಲಿಯುತ್ತಿದ್ದ ಅನಾಥ ಹುಡುಗ ಹ್ಲಾಪಿಚ್. ಗಿರಾಕಿಗೆ ಬಿಗಿಯಾದ ಬೂಟಿನ ನೆಪದಲ್ಲಿ ಯಜಮಾನ ಅವನ ಮೇಲೆ ಸಿಟ್ಟಾಗುತ್ತಾನೆ. ಅದೇ ಬೂಟು ಹಾಕಿಕೊಂಡು ಹುಡುಗ ಮನೆ ಬಿಡುತ್ತಾನೆ, ಏಳು ದಿನ ಅಲೆಯುತ್ತಾನೆ.

ಭಾಷೆ ತುಂಬಾ ಸರಳ. ಆದರೂ ಅನುವಾದಕರು ಎಡವುವುದು ಮೊದಲ ಪುಟದಲ್ಲೇ.

[ತೆರೆಯ ಮೇಲೆ: ಐದು ಹೋಲಿಕೆಗಳು]

ಶುರುವಿಗೇ ಹುಡುಗನ ಬಗ್ಗೆ ಐದು ಹೋಲಿಕೆಗಳಿವೆ: 'ಲಾಕತ್'ನಷ್ಟು ಚಿಕ್ಕವ, ಹಕ್ಕಿಯಂತೆ ಗೆಲುವಾದವ, ಕ್ರಾಲ್ಯೆವಿಚ್ ಮಾರ್ಕೊನಂತೆ ಧೈರ್ಯಶಾಲಿ, ಪುಸ್ತಕದಂತೆ ಜಾಣ, ಸೂರ್ಯನಂತೆ ಒಳ್ಳೆಯವ. ಹಕ್ಕಿ, ಪುಸ್ತಕ, ಸೂರ್ಯ ಎಲ್ಲಿಗೆ ಬೇಕಾದರೂ ಹೋಗುತ್ತವೆ. ಪೇಚಾಟವೆಲ್ಲ ಉಳಿದೆರಡರದ್ದು.

'ಲಾಕತ್' ಅಂದರೆ ಮೊಣಕೈ. ಹಳೆಯ ಕಾಲದ ಉದ್ದಳತೆಯ ಹೆಸರೂ ಅದೇ. ನಮ್ಮ 'ಮೊಳ'ಕ್ಕೆ ಸರಿಜೋಡಿ! ಇಂಗ್ಲಿಷಿನಲ್ಲಿ 'ಎಲ್ಬೋ' ಅಂದರೆ ಮಗುವಿಗೆ ಬರೀ ಮೂಳೆಯ ಗಂಟು ಕಾಣುತ್ತದೆ. 'ಕ್ಯೂಬಿಟ್' ಅಂದರೆ ಬೈಬಲಿನ ನೋಹನ ಹಡಗು ನೆನಪಾಗುತ್ತದೆ. "ಮೊಣಕೈಯಿಂದ ಬೆರಳ ತುದಿಯವರೆಗೆ" ಎಂದು ಬಿಡಿಸಿದರೆ ಅರ್ಥ ಸರಿಹೋಗಿ ಲಯ ಸಾಯುತ್ತದೆ. ಮೂಲದಲ್ಲಿ ಒಂದೊಂದು ಹೋಲಿಕೆಯೂ ಮೂರೋ ನಾಲ್ಕೋ ಪದ, ಅಷ್ಟೇ. ಹಾಗಾಗಿ ಮೊಣಕೈ ಬಿಟ್ಟು ಮೊಣಕಾಲು ಹಿಡಿಯುವುದೇ ಮೇಲು: 'ನೀ-ಹೈ', ಅಂದರೆ ಮೊಣಕಾಲೆತ್ತರ. ಅಳತೆ ಮೈಯದ್ದಾಗಿಯೇ ಉಳಿಯುತ್ತದೆ, ಮಾತೂ ಚಿಕ್ಕದು.

ಮಾರ್ಕೊ ದಕ್ಷಿಣ ಸ್ಲಾವರ (ಕ್ರೊಯೇಷಿಯಾ, ಸರ್ಬಿಯಾ ಮುಂತಾದ ಕಡೆಯ ಜನರ) ವೀರಗೀತೆಗಳ ನಾಯಕ, 14ನೇ ಶತಮಾನದವನು. ಅವನನ್ನು ತೆಗೆದು ಸಿಂಹವನ್ನು ತಂದರೆ ಕಥೆಯ ಊರೇ ಅಳಿಸಿಹೋಗುತ್ತದೆ. ಅಡಿಟಿಪ್ಪಣಿ ಹಾಕಿದರೆ ಗಟ್ಟಿಯಾಗಿ ಓದಿ ಹೇಳುವವರು ಅಲ್ಲೇ ನಿಲ್ಲಬೇಕು. 'ಕ್ರಾಲ್ಯೆವಿಚ್' ಅಂದರೆ ರಾಜನ ಮಗ. 'ಪ್ರಿನ್ಸ್ ಮಾರ್ಕೊ' ಎಂದರೆ ಸಾಕು.

[ತೆರೆಯ ಮೇಲೆ: ಹೆಸರುಗಳ ಪಟ್ಟಿ]

ಪ್ರಹ್ಲಾದ ಎನ್ನುವ ನಮಗೆ 'ಹ್ಲ' ಕಷ್ಟವಲ್ಲ. ಇಂಗ್ಲಿಷ್ ನಾಲಿಗೆಗೆ ಕಷ್ಟ. 1970ರ ದಶಕದ ಆರಂಭದ ಅನುವಾದದಲ್ಲಿ ಅವನು 'ಲಾಪಿಚ್' ಆದ. ಅದು ಒಳ್ಳೆಯ ನಿರ್ಧಾರ. ಮೂಲ ಕಾಗುಣಿತ ಹಾಗೇ ಬಿಟ್ಟಿದ್ದರೆ ಎಷ್ಟೋ ಮಕ್ಕಳು 'ಹ್ಲಾಪಿಕ್' ಎಂದು ಓದುತ್ತಿದ್ದರು. ಆದರೆ ಶೀರ್ಷಿಕೆಯಲ್ಲಿ 'ಬ್ರೇವ್' ಬಂದದ್ದು ನಮಗೆ ಒಪ್ಪಿಗೆಯಿಲ್ಲ. ಮೂಲ ಶೀರ್ಷಿಕೆಯ 'ಚುದ್ನೊವತೆ'ಗೆ ವಿಚಿತ್ರ, ಬೆರಗಿನ ಎಂಬ ಅರ್ಥ.

ಯಜಮಾನನನ್ನು ಕರೆಯುವುದು 'ಮಾಯ್ಸ್ಟೊರ್' ಎಂದು. ನಮ್ಮ 'ಮೇಸ್ತ್ರಿ'ಯೂ ಅದೇ ಲ್ಯಾಟಿನ್ ಬೇರಿನಿಂದ, ಪೋರ್ಚುಗೀಸರ ಮೂಲಕ ಬಂದದ್ದು. ಕೈಕೆಲಸದ ವಾಸನೆ ಎರಡರಲ್ಲೂ ಇದೆ. ಇಂಗ್ಲಿಷಿನ ಬರೀ 'ಮಾಸ್ಟರ್'ನಲ್ಲಿ ಇಲ್ಲ. ಮೊದಲ ಸಲ 'ಮಾಸ್ಟರ್ ಶೂಮೇಕರ್' ಎಂದೇ ಹಾಕಿ.

ಕಳ್ಳನೊಬ್ಬನಿಗೆ ಮೂಲದಲ್ಲಿ 'ತ್ಸ್ರ್ನಿ ಚೊವ್ಯೆಕ್', ಅಕ್ಷರಶಃ 'ಕಪ್ಪು ಮನುಷ್ಯ'. ಕಪ್ಪು ಅವನ ನಿಲುವಂಗಿ. ಪದಕ್ಕೆ ಪದ ಇಟ್ಟರೆ ಅದು ಜನಾಂಗದ ಮಾತಾಗಿ, ಲೇಖಕಿ ಹೇಳದ್ದನ್ನು ಹೇಳಿದಂತಾಗುತ್ತದೆ. 'ಮ್ಯಾನ್ ಇನ್ ಬ್ಲ್ಯಾಕ್' ಎಂದೇ ಬರೆಯಬೇಕು.

ಇನ್ನೊಂದು ಕ್ರಿಯಾಪದ. ಬಿಗಿ ಬೂಟನ್ನು ತೊಟ್ಟು ನಡೆದು ಸಡಿಲಿಸುವುದಕ್ಕೆ ಇಂಗ್ಲಿಷಿನಲ್ಲಿ 'ಬ್ರೇಕ್ ಇನ್' ಇದೆ. ಅದೇ ಮಾತು ಕನ್ನ ಹಾಕುವುದಕ್ಕೂ ಸಲ್ಲುತ್ತದೆ, ಕಥೆಯಲ್ಲಿ ಕಳ್ಳರಿದ್ದಾರೆ. ಬೂಟಿಗೆ ಆ ಮಾತನ್ನು ಮೀಸಲಿಟ್ಟು, ಕಳ್ಳತನಕ್ಕೆ ಬೇರೆ ಪದ ಹುಡುಕಿ.

ಕೊನೆಗೆ, ಯಜಮಾನನ ಹೆಸರು ಮ್ರ್‌ಕೊನ್ಯಾ. 'ಮ್ರ್ಕ್' ಅಂದರೆ ಮಂಕು, ಕತ್ತಲು ಕವಿದದ್ದು. 'ಸ್ಕೌಲರ್' ಎಂದರೆ ಹುಬ್ಬು ಗಂಟಿಕ್ಕುವ ಖಳ ಮಾತ್ರ ಸಿಗುತ್ತಾನೆ. ಅವನು ಗಡುಸಾದದ್ದು ಮಗಳು ಕಳೆದುಹೋದ ದುಃಖದಿಂದ. ದಾರಿಯಲ್ಲಿ ಹ್ಲಾಪಿಚ್‌ನ ಜೊತೆಯಾದ ಸರ್ಕಸ್ ಹುಡುಗಿ ಗಿಟಾ ಆ ಮಗಳೇ. ಅದಕ್ಕೇ ಆ ಹೆಸರಿನಲ್ಲಿ ಸಿಟ್ಟಿಗಿಂತ ಮಂಕು ಹೆಚ್ಚಿರಬೇಕು: 'ಗ್ಲೂಮ್'ನ ಹತ್ತಿರದ ಒಂದು ಹೆಸರು.