ಒಳಗೊಳಗೇ ಸೋರುವ ರೇಡಿಯೇಟರ್

ಕೇಳುಗರಿಗೆ ನಮಸ್ಕಾರ.

ರೇಡಿಯೇಟರ್ ಸೋರಿದರೆ ಗಾಡಿಯ ಅಡಿಯಲ್ಲಿ ನೀರು ಕಾಣುತ್ತದೆ, ಇಲ್ಲವೇ ಬಾನೆಟ್ ಸಂದಿಯಿಂದ ಆವಿ ಏಳುತ್ತದೆ. ನಮಗೆ ಗೊತ್ತಿರುವುದು ಇಷ್ಟೇ, ಅಲ್ವಾ? ಆದರೆ ನೆಲಕ್ಕೆ ಒಂದು ಹನಿಯೂ ಬೀಳದೆ ಗೇರ್‌ಬಾಕ್ಸನ್ನೇ ತಿಂದುಹಾಕುವ ಸೋರಿಕೆಯೂ ಉಂಟು. ಟೆಂಪರೇಚರ್ ಮುಳ್ಳು ಮಾತ್ರ ಏನೂ ಆಗಿಲ್ಲವೆಂಬಂತೆ ನಡುವಿನಲ್ಲೇ ನಿಂತಿರುತ್ತದೆ. ಇದು ಹಳೆಯ ಆಟೋಮ್ಯಾಟಿಕ್ ಗಾಡಿಗಳ ಕಥೆ. ಕ್ಲಚ್ ತುಳಿದು ಗೇರ್ ಹಾಕುವವರಿಗೆ ಈ ತಲೆನೋವಿಲ್ಲ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಚೆನ್ನಾಗಿ ಕಾಯುತ್ತದೆ. ಅದನ್ನು ತಣಿಸಲು ಅನೇಕ ಗಾಡಿಗಳಲ್ಲಿ ರೇಡಿಯೇಟರ್ ಟ್ಯಾಂಕಿನೊಳಗೇ ಪುಟ್ಟ ಕೂಲರ್ ಕೂರಿಸಿರುತ್ತಾರೆ. ಅದರೊಳಗೆ ಆಯಿಲ್, ಸುತ್ತ ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ನಡುವೆ ತೆಳ್ಳನೆಯ ಲೋಹ. ವರ್ಷಗಟ್ಟಲೆ ಕಾದು ತಣಿದು ಆ ಲೋಹ ಬಿರುಕು ಬಿಡುತ್ತದೆ. ಹಳೇ ಕೂಲೆಂಟನ್ನೇ ಬಿಟ್ಟಿದ್ದರೆ ತುಕ್ಕು ಬೇರೆ.

ಇಂಜಿನ್ ಓಡುವಾಗ ಸಾಮಾನ್ಯವಾಗಿ ಆಯಿಲಿನ ಒತ್ತಡ ಜಾಸ್ತಿ. ಅದು ಕೂಲೆಂಟಿಗೆ ನುಗ್ಗುತ್ತದೆ. ಗಾಡಿ ಆಫ್ ಮಾಡಿದ ಕೂಡಲೇ ಗೇರ್‌ಬಾಕ್ಸಿನ ಪಂಪ್ ನಿಲ್ಲುತ್ತದೆ, ಬಿಸಿ ಕೂಲೆಂಟಿನ ಒತ್ತಡ ಮಾತ್ರ ಉಳಿದಿರುತ್ತದೆ. ಈಗ ಕೂಲೆಂಟ್ ಆಯಿಲಿಗೆ ನುಗ್ಗುತ್ತದೆ. ನೀವು ಗಾಡಿ ನಿಲ್ಲಿಸಿ ಒಳಗೆ ಹೋದ ಮೇಲೆ ಅಸಲಿ ಕೆಲಸ ಶುರು!

ಕ್ಲಚ್ ಪೆಡಲ್ ಇಲ್ಲದಿದ್ದರೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಕ್ಲಚ್ ಪ್ಲೇಟುಗಳಿರುತ್ತವೆ. ಅವುಗಳ ಮೇಲೆ ಕಾಗದದಂಥ ಪದರವನ್ನು ಅಂಟಿಸಿರುತ್ತಾರೆ. ಅದು ನೀರು ಹೀರುತ್ತದೆ, ಕೂಲೆಂಟಿನ ಗ್ಲೈಕಾಲ್ ಅಂಟನ್ನು ಸಡಿಲಿಸುತ್ತದೆ. ಪದರ ಕಿತ್ತು ಬರುತ್ತದೆ. ಆಮೇಲೆ ಗೇರ್ ಜಾರುವುದು, ಗಾಡಿ ನಡುಗುವುದು. 2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳ ವಿಷಯದಲ್ಲಿ ಇದೇ ದೂರು ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಗಿತ್ತು.

ಗೇರ್‌ಬಾಕ್ಸಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿ. ಆಯಿಲ್ ತಿಳಿಗೆಂಪಿನ ಬದಲು ಹಾಲು ಬೆರೆತ ಗುಲಾಬಿ ಬಣ್ಣದ ನೊರೆಯಂತಿದ್ದರೆ ನೀರು ಸೇರಿದೆ ಅಂತಲೇ ತಿಳಿಯಿರಿ. ಡಿಪ್‌ಸ್ಟಿಕ್ ಇಲ್ಲವೇ? ಕೂಲೆಂಟ್ ಬಾಟಲಿಯಲ್ಲಿ ಎಣ್ಣೆ ಪಸೆ ಇದೆಯೇ, ಎಲ್ಲೂ ಸೋರದೆ ಮಟ್ಟ ಇಳಿಯುತ್ತಿದೆಯೇ ನೋಡಿ.

ಅನುಮಾನ ಬಂದರೆ ಸ್ಟಾರ್ಟ್ ಮಾಡಬೇಡಿ. 'ಗ್ಯಾರೇಜ್‌ವರೆಗೆ ಮೆಲ್ಲಗೆ ಓಡಿಸ್ತೀನಿ' ಅನ್ನುವುದು ಬೇಡ, ಟೋ ಮಾಡಿಸಿ. ಮೊದಲು ರೇಡಿಯೇಟರ್ ಬದಲಾಗಬೇಕು, ಆಮೇಲೆ ಆಯಿಲ್. ಒಂದೇ ಸಲ ಇಳಿಸಿದರೆ ಸಾಲದು, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ಹಳೇ ಆಯಿಲ್ ಬಹಳಷ್ಟು ಉಳಿದಿರುತ್ತದೆ. ಬೇಗ ಸಿಕ್ಕಿಬಿದ್ದರೆ ಗೇರ್‌ಬಾಕ್ಸ್ ಬದುಕೀತು. ತಡವಾದರೆ ಬಿಚ್ಚಲೇಬೇಕು.

ಗಾಡಿಗೆ ವಯಸ್ಸಾಗಿದ್ದರೆ ನಾನಂತೂ ರೇಡಿಯೇಟರನ್ನು ಕೆಡುವ ಮೊದಲೇ ಬದಲಿಸುತ್ತೇನೆ. ಗೇರ್‌ಬಾಕ್ಸಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಕೆಲವರು ಆಯಿಲಿಗೆಂದು ಹೊರಗೆ ಬೇರೆಯೇ ಕೂಲರ್ ಹಾಕಿಸುತ್ತಾರೆ. ಒಳ್ಳೆಯದೇ. ತುಂಬ ಚಳಿಯಿರುವ ಕಡೆ ಆಯಿಲ್ ಬೆಚ್ಚಗಾಗುವುದು ನಿಧಾನ, ಅಷ್ಟೇ. ಹಾಕಿಸುವಾಗ ಹಳೆಯ ಆಯಿಲ್ ಪೈಪುಗಳನ್ನೂ ಬದಲಿಸಲು ಮೆಕ್ಯಾನಿಕ್‌ಗೆ ಹೇಳಿ. ನಮಸ್ಕಾರ.