ಬಿಡುಗಡೆಗೂ ಕಂತು ಕಟ್ಟಿದ ರೈತರು

ಎಲ್ಲರಿಗೂ ನಮಸ್ಕಾರ.

ರಷ್ಯಾ ಅಂದ ಕೂಡಲೇ ಮಾತು 1917ಕ್ಕೆ, ಲೆನಿನ್ ಹತ್ತಿರ ಹೋಗಿಬಿಡುತ್ತದೆ. ನಾನು ಇವತ್ತು ಅದಕ್ಕೂ ಹಿಂದೆ, ಕಜಾನ್ ಪ್ರಾಂತ್ಯದ ಬೆಜ್ದ್ನಾ ಅನ್ನುವ ಹಳ್ಳಿಗೆ ಹೋಗುತ್ತೇನೆ. ತಾರೀಖುಗಳನ್ನು ರಷ್ಯಾದ ಹಳೆಯ ಕ್ಯಾಲೆಂಡರಿನಂತೆಯೇ ಹೇಳುತ್ತೇನೆ.

1861ರ ಫೆಬ್ರವರಿ 19ರಂದು ಜಾರ್, ಅಂದರೆ ರಷ್ಯಾದ ಚಕ್ರವರ್ತಿ, ಎರಡನೇ ಅಲೆಕ್ಸಾಂಡರ್ ಜೀತದ ರೈತರ ಬಿಡುಗಡೆಗೆ ಸಹಿ ಹಾಕಿದ. ಜಮೀನ್ದಾರರ ಹಿಡಿತದಲ್ಲಿದ್ದ ಎರಡು ಕೋಟಿಗೂ ಜಾಸ್ತಿ ಜನರ ಬದುಕಿನ ವಿಷಯ ಅದು. ಆದರೆ ಸುದ್ದಿಯನ್ನು ಎರಡು ವಾರ ಹೊರಗೆ ಬಿಡಲಿಲ್ಲ. ಹಬ್ಬದ ಕುಡಿತ ಮುಗಿದು ಉಪವಾಸದ ದಿನಗಳು ಶುರುವಾಗಲಿ, ಆಗ ಜನ ತಣ್ಣಗಿರುತ್ತಾರೆ ಅನ್ನುವ ಲೆಕ್ಕ. ಬಿಡುಗಡೆ ಕೊಡುವ ಸರ್ಕಾರಕ್ಕೇ ಆ ಜನರ ಭಯ ಅಷ್ಟಿತ್ತು.

ಕಾನೂನು ನೂರಾರು ಪುಟ. ಅದರ ಜೊತೆಗಿನ ಘೋಷಣೆಯನ್ನು ಬರೆದವರು ಒಬ್ಬ ಹಿರಿಯ ಧರ್ಮಗುರು. ಚರ್ಚಿನ ಆ ಭಾರದ ಭಾಷೆ ರೈತರಿಗೆ ತಲೆಗೆ ಹತ್ತಲಿಲ್ಲ. ಹತ್ತಿದ ಒಂದೆರಡು ಮಾತು ನಂಬುವ ಹಾಗಿರಲಿಲ್ಲ: ಇನ್ನೂ ಎರಡು ವರ್ಷ ಧಣಿಗೆ ಮೊದಲಿನ ಹಾಗೇ ದುಡಿಯಬೇಕು, ಉಳುವ ನೆಲಕ್ಕೆ ದುಡ್ಡು ಕೊಡಬೇಕು. ಇದೆಂಥ ಬಿಡುಗಡೆ?

ಬೆಜ್ದ್ನಾದಲ್ಲಿ ಆಂಟನ್ ಪೆಟ್ರೋವ್ ಅನ್ನುವ ರೈತನಿಗೆ ಅಷ್ಟಿಷ್ಟು ಓದು ಬರುತ್ತಿತ್ತು. ಜಾರ್ ಪೂರ್ತಿ ಬಿಡುಗಡೆ ಕೊಟ್ಟಿದ್ದಾನೆ, ಧಣಿಗಳು, ಅಧಿಕಾರಿಗಳು ಅದನ್ನು ಮುಚ್ಚಿಡುತ್ತಿದ್ದಾರೆ ಅಂತ ಅವನು ಓದಿ ಹೇಳಿದ. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿದರು. ಧಣಿಗಳ ಹೊಲದಲ್ಲಿ ಕೆಲಸ ನಿಂತಿತು. ಏಪ್ರಿಲ್ 12ರಂದು ಸೇನೆಯ ತುಕಡಿ ಬಂತು. ಪೆಟ್ರೋವ್‌ನನ್ನು ಒಪ್ಪಿಸಿ ಅಂದರು. ಜನ ಅವನ ಮನೆಯ ಸುತ್ತ ನಿಂತವರು ಕದಲಲಿಲ್ಲ. ಸೈನಿಕರು ಗುಂಡು ಹಾರಿಸಿದರು, ಮತ್ತೆ ಮತ್ತೆ ಹಾರಿಸಿದರು. ಐವತ್ತಕ್ಕೂ ಜಾಸ್ತಿ ಜನ ಸತ್ತರು.

ಆಮೇಲೆ ಪೆಟ್ರೋವ್ ತಾನೇ ಹೊರಗೆ ಬಂದ. ಆ ಕಾನೂನಿನ ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದ. ಗಮನಿಸಿ, ಇವನು ಜಾರ್ ವಿರುದ್ಧ ಎದ್ದವನಲ್ಲ, ಜಾರ್‌ನನ್ನು ಮನಸಾರೆ ನಂಬಿದವನು. ಒಂದೇ ವಾರದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಸತ್ತವರಿಗಾಗಿ ಕಜಾನ್ ವಿದ್ಯಾರ್ಥಿಗಳು ಪ್ರಾರ್ಥನೆ ಇಟ್ಟುಕೊಂಡರು. ಅಲ್ಲಿ ಮಾತಾಡಿದ ಇತಿಹಾಸದ ಮೇಷ್ಟ್ರು ಶ್ಚಾಪೋವ್ ಅವರನ್ನೂ ಬಂಧಿಸಿದರು.

ಈಗ ಆ ದುಡ್ಡಿನ ವಿಷಯ. ನೆಲದ ಬೆಲೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಸರ್ಕಾರ ಬಾಂಡ್ ರೂಪದಲ್ಲಿ ಧಣಿಗೆ ಕೊಡುತ್ತಿತ್ತು. ರೈತ ಅದನ್ನು ವರ್ಷಕ್ಕೆ ನೂರಕ್ಕೆ 6ರ ಹಾಗೆ, 49 ವರ್ಷ ಸರ್ಕಾರಕ್ಕೆ ಕಟ್ಟಬೇಕು. ಎಷ್ಟೋ ಕಡೆ ಆ ಬೆಲೆ ಮಾರುಕಟ್ಟೆಗಿಂತ ಜಾಸ್ತಿ ಇತ್ತು. ಮೊದಲು ಉಳುತ್ತಿದ್ದ ನೆಲದಲ್ಲೂ ಒಂದಿಷ್ಟನ್ನು ಕತ್ತರಿಸಿ ಧಣಿಗೇ ಬಿಟ್ಟರು. ಒಬ್ಬ ಕಟ್ಟದಿದ್ದರೆ ಇಡೀ ಊರು ಕಟ್ಟಬೇಕು. ಹಾಗಾಗಿ ಊರು ಯಾರನ್ನೂ ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ದೇಶದೊಳಗೇ ದೂರದ ಕೆಲಸಕ್ಕೆ ಹೋಗಲೂ ಪಾಸ್‌ಪೋರ್ಟ್ ಬೇಕಿತ್ತು. ಧಣಿಯ ಜೀತ ಹೋಗಿ ಸಾಲದ ಜೀತ ಬಂತು, ಅಲ್ವಾ?

ಅಲೆಕ್ಸಾಂಡರ್ ಒಳ್ಳೆಯದನ್ನೂ ಮಾಡಿದ. 1864ರಲ್ಲಿ ಜ್ಯೂರಿ ಇರುವ ನ್ಯಾಯಾಲಯಗಳು ಬಂದವು, ಜೆಮ್‌ಸ್ತ್ವೋ ಅನ್ನುವ ಸ್ಥಳೀಯ ಮಂಡಳಿಗಳು ಬಂದವು. ಹಳ್ಳಿಗೆ ಶಾಲೆ, ಡಾಕ್ಟರು ಬಂದದ್ದು ಈ ಮಂಡಳಿಗಳಿಂದ. ಇದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ 1881ರಲ್ಲಿ ಅವನು ಕ್ರಾಂತಿಕಾರಿಗಳ ಬಾಂಬಿಗೆ ಬಲಿಯಾದ. ಮಗ ಮೂರನೇ ಅಲೆಕ್ಸಾಂಡರ್ ಹಗ್ಗ ಬಿಗಿದ. 1889ರಿಂದ ರೈತರ ಮೇಲೆ ಮತ್ತೆ ಜಮೀನ್ದಾರ ವರ್ಗದ ಅಧಿಕಾರಿಗಳೇ ಬಂದು ಕೂತರು. ಹಳ್ಳಿಯ ಕೋರ್ಟಿನಲ್ಲಿ ರೈತನಿಗೆ ಛಡಿ ಏಟಿನ ಶಿಕ್ಷೆ 1904ರವರೆಗೂ ಇತ್ತು.

ಜಾರ್ ಒಳ್ಳೆಯವನು, ಸುತ್ತ ಇರುವವರು ಕೆಟ್ಟವರು ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1905ರ ಜನವರಿ 9ರಂದು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜಾರ್‌ನ ಪಟ ಹಿಡಿದು ಮನವಿ ಕೊಡಲು ಹೊರಟ ಕಾರ್ಮಿಕರ ಮೇಲೆ ಗುಂಡು ಹಾರಿತು. ಆ ವರ್ಷ ಹಳ್ಳಿಗಳಲ್ಲಿ ಧಣಿಗಳ ಬಂಗಲೆಗಳು ಉರಿದವು. ನವೆಂಬರ್‌ನಲ್ಲಿ ಸರ್ಕಾರ ನೆಲದ ಕಂತನ್ನು ಅರ್ಧಕ್ಕೆ ಇಳಿಸಿತು, 1907ರಿಂದ ಪೂರ್ತಿ ತೆಗೆಯಿತು. ನಲವತ್ತು ವರ್ಷದ ಬಾಕಿ, ಬೇಡಿಕೆ, ಗೋಳಿಗೆ ಆಗದ್ದನ್ನು ಬೆಂಕಿ ಕೆಲವೇ ತಿಂಗಳಲ್ಲಿ ಮಾಡಿಸಿತು. ಹೀಗಾದ ಮೇಲೆ ರೈತರು ಯಾವ ಪಾಠ ಕಲಿಯಬೇಕಿತ್ತು, ನೀವೇ ಹೇಳಿ.

ಅದರ ಬೆನ್ನಿಗೇ ಪ್ರಧಾನಿ ಸ್ಟೊಲಿಪಿನ್ ಬಂದರು. 1906ರ ನವೆಂಬರ್‌ನಲ್ಲಿ, ನೆಲವನ್ನು ಒಟ್ಟಾಗಿ ಹಿಡಿದಿದ್ದ ಊರಿನ ಒಕ್ಕೂಟದಿಂದ ರೈತ ತನ್ನ ಪಾಲಿನ ನೆಲ ಬಿಡಿಸಿಕೊಳ್ಳಬಹುದು ಅನ್ನುವ ಕಾನೂನು ತಂದರು. ಅದಕ್ಕೆ ಮೂರು ತಿಂಗಳ ಮೊದಲು ಇದೇ ಸರ್ಕಾರ ತುರ್ತು ಸೈನಿಕ ನ್ಯಾಯಾಲಯಗಳನ್ನು ತೆರೆದಿತ್ತು. ಅಲ್ಲಿ ವಕೀಲರಿರಲಿಲ್ಲ. ವಿಚಾರಣೆ ಎರಡು ದಿನದಲ್ಲಿ ಮುಗಿಯಬೇಕು, ತೀರ್ಪು ಬಂದ ಒಂದು ದಿನದೊಳಗೆ ಶಿಕ್ಷೆ ಆಗಬೇಕು. 1907ರ ಏಪ್ರಿಲ್‌ವರೆಗೆ ಸಾವಿರಕ್ಕೂ ಜಾಸ್ತಿ ಜನರಿಗೆ ಹೀಗೆ ಮರಣದಂಡನೆ ವಿಧಿಸಿದರು.